ತಾಸಿನ ಲೆಕ್ಕದ ಮಾಸ್ತರಿಕೆ



ನಾನು ಹುಬ್ಬಳ್ಳಿಯವನು, ವಯಸ್ಸು 41. ಮುಂಬಯಿಗೆ ಬಂದು 18 ವರ್ಷವಾಯಿತು, ಈಗ ಡೊಂಬಿವಲಿಯಲ್ಲಿ ಸಂಸಾರ. ತಬಲಾ ನನ್ನ ಉದ್ಯೋಗ. ಊರಲ್ಲಿ ಗುರುಗಳ ಹತ್ತಿರ ಕಲಿತೆ, ಇಲ್ಲಿಗೆ ಬಂದ ಮೇಲೂ ಒಬ್ಬ ಹಿರಿಯರ ಬಳಿ ಪಾಠ ಮುಂದುವರಿಸಿದೆ. ಬಿ.ಕಾಂ. ಆಗಿದೆ, ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಆಗಿದೆ, ಆಕಾಶವಾಣಿಯ ಬಿ-ಹೈ ಗ್ರೇಡ್ ಇದೆ. ಖಯಾಲ್ ಗಾಯಕರಿಗೆ ಸಾಥ್ ಕೊಡುತ್ತೇನೆ. ಗಣೇಶೋತ್ಸವದಿಂದ ದೀಪಾವಳಿಯ ನಸುಕಿನ ಪಹಾಟ್‌ವರೆಗೆ ಅಭಂಗ, ನಾಟ್ಯಗೀತೆ, ದಾಸವಾಣಿ ಕಾರ್ಯಕ್ರಮಗಳು. ಸಂಜೆ ಮನೆಯಲ್ಲಿ ಹುಡುಗರಿಗೆ ಪಾಠ.

ನಾಲ್ಕು ವರ್ಷದಿಂದ ಇಲ್ಲಿನ ಒಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ತಾಸಿನ ಲೆಕ್ಕದಲ್ಲಿ ಕಲಿಸುತ್ತಿದ್ದೇನೆ. ಮೊದಲು ವಾರಕ್ಕೆ ಎರಡು ದಿನ ಎಂದರು. ಈಗ ನಾಲ್ಕು ದಿನ ಆಗಿದೆ. ಅದರಲ್ಲಿ ತಬಲಾ ಪಾಠ ಅರ್ಧದಷ್ಟು. ಉಳಿದ ಹೊತ್ತು ಗಾಯನದ ತರಗತಿಗಳಲ್ಲಿ ಠೇಕಾ ಹಿಡಿದು ಕೂರುವುದು, ಅದಕ್ಕೆ ದರವೂ ಕಡಿಮೆ. ಕಳೆದ ಅಕ್ಟೋಬರ್‌ನಲ್ಲಿ ಒಬ್ಬ ಹಿರಿಯ ಗಾಯಕಿ ಪುಣೆ, ನಾಸಿಕ್ ಕಾರ್ಯಕ್ರಮಗಳಿಗೆ ಕರೆದರು. ಆಂತರಿಕ ಪರೀಕ್ಷೆ ಇತ್ತು, ಆಗುವುದಿಲ್ಲ ಎಂದೆ. ಅದಕ್ಕೆ ಮುಂಚೆಯೂ ಒಮ್ಮೆ ಹಾಗೇ ಹೇಳಿದ್ದೆ. ಆಮೇಲೆ ಅವರ ಫೋನ್ ಬಂದಿಲ್ಲ. ಅವರ ಪಕ್ಕದಲ್ಲಿ ಈಗ ಬೇರೆ ಹುಡುಗ ಕೂರುತ್ತಾನೆ. ಒಳ್ಳೆಯ ಹುಡುಗ, ಚೆನ್ನಾಗಿ ಬಾರಿಸುತ್ತಾನೆ.

ನನ್ನ ಕೈ ಜಡವಾಗುತ್ತಿದೆ. ರೇಲಾದ ಓಟ ಮೊದಲಿನಂತಿಲ್ಲ. ವಿಭಾಗದಲ್ಲಿ ಪಿಎಚ್‌ಡಿ ಆದವರ ನಡುವೆ ನಾನು ‘ತಬಲಾದವರು’ ಅಷ್ಟೇ. ಎರಡು ದೋಣಿಯಲ್ಲಿ ಕಾಲಿಡಬೇಡಿ, ಒಂದೋ ಪಿಎಚ್‌ಡಿ ಮಾಡಿ ಕಾಯಂ ಆಗಿ, ಇಲ್ಲ ಬಿಟ್ಟುಬಿಡಿ ಎನ್ನುತ್ತಾಳೆ ಹೆಂಡತಿ. ಮಗಳ ಫೀಸು, ಮನೆ ಸಾಲದ ಕಂತು ನೋಡಿದರೆ ಬಿಡುವ ಧೈರ್ಯ ಬರುವುದಿಲ್ಲ. ಏನು ಮಾಡಲಿ?

— ಡೊಂಬಿವಲಿಯ ಓದುಗ

ನಮಸ್ಕಾರ.

ನಿಮ್ಮ ಪತ್ರದಲ್ಲಿ ದುಡ್ಡಿನ ಮಾತು ಕೊನೆಗೆ ಬಂದಿದೆ. ಮೊದಲು ಬಂದದ್ದು ಬಾರದ ಆ ಫೋನು. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಬೇನೆ ಇರುವುದು ಅಲ್ಲಿ.

ಸಾಥಿದಾರನ ಬದುಕು ನಡೆಯುವುದೇ ಕರೆದಾಗ ಸಿಗುವುದರ ಮೇಲೆ. ಗಾಯಕರಿಗೆ ಕಾರ್ಯಕ್ರಮ ಗೊತ್ತಾದ ಕೂಡಲೇ ಅವರು ಮಾಡುವ ಮೊದಲ ಫೋನು ತಬಲಾದವರಿಗೆ, ಎರಡನೆಯದು ಹಾರ್ಮೋನಿಯಂನವರಿಗೆ. ಒಮ್ಮೆ ಇಲ್ಲ ಎಂದರೆ ತಪ್ಪು ತಿಳಿಯುವುದಿಲ್ಲ. ಎರಡನೇ ಸಲ ಇಲ್ಲ ಎಂದಾಗ ‘ಇವರು ಈಗ ಕಾಲೇಜಿನಲ್ಲಿದ್ದಾರೆ, ಪಾಪ, ಯಾಕೆ ತೊಂದರೆ ಕೊಡುವುದು’ ಎಂಬ ಭಾವನೆ ಕೂತುಬಿಡುತ್ತದೆ. ಅದರಲ್ಲಿ ಸಿಟ್ಟೂ ಇಲ್ಲ, ಅವಮಾನವೂ ಇಲ್ಲ. ಆ ಗಾಯಕಿ ನಿಮ್ಮನ್ನು ಕೈಬಿಟ್ಟಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ನೀವು ಮಾಸ್ತರಿಕೆಗೆ ಹೋದಿರಿ ಎಂದು ಅವರು ತಿಳಿದಿದ್ದಾರೆ, ಅಷ್ಟೇ. ಆ ತಿಳಿವಳಿಕೆಯನ್ನು ತಿದ್ದುವ ಕೆಲಸ ನಿಮ್ಮದು. ಈ ವಾರವೇ ಫೋನ್ ಮಾಡಿ. ಕಾರ್ಯಕ್ರಮ ಕೇಳಬೇಡಿ. ‘ಅಕ್ಟೋಬರ್‌ನಲ್ಲಿ ಪರೀಕ್ಷೆ ಇತ್ತು, ಮುಂದಿನ ಹಂಗಾಮಿಗೆ ನನ್ನ ದಿನಗಳನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇನೆ, ಸೋಮವಾರ ಮಂಗಳವಾರ ಬಿಟ್ಟು ಯಾವಾಗ ಕರೆದರೂ ಬರುತ್ತೇನೆ, ನಿಮ್ಮ ಮನೆಯ ರಿಯಾಜಿಗೂ ಬಂದು ಕೂರುತ್ತೇನೆ’ ಎಂದು ಹೇಳಿ. ರಿಯಾಜಿಗೆ ಬಂದು ಕೂರುವ ತಬಲಜಿಯನ್ನು ಯಾವ ಗಾಯಕಿಯೂ ಮರೆಯುವುದಿಲ್ಲ. ಆ ಹುಡುಗನ ಬಗ್ಗೆ ನೀವು ಬರೆದ ಮಾತು ನನಗೆ ಇಷ್ಟವಾಯಿತು. ಅವನ ಜಾಗ ಅವನಿಗಿರಲಿ. ಮುಂಬಯಿಯಲ್ಲಿ ಒಬ್ಬರಿಗೆ ಇಬ್ಬರು ಮೂವರು ಸಾಥಿದಾರರು ಇರುವುದು ವಾಡಿಕೆ.

ಸೋಮವಾರ ಮಂಗಳವಾರ ಎಂದು ನಾನು ಬರೆದದ್ದು ಸುಮ್ಮನೆ ಅಲ್ಲ. ಕೆಲಸ ಬಿಡಬೇಡಿ, ಆದರೆ ನಾಲ್ಕು ದಿನವನ್ನು ಎರಡಕ್ಕೆ ಇಳಿಸಿ, ಅದೂ ಒಂದರ ಪಕ್ಕ ಒಂದು. ಕಾರ್ಯಕ್ರಮಗಳು ಹೆಚ್ಚಾಗಿ ವಾರದ ಕೊನೆಗೆ ಬರುತ್ತವೆ. ಶುಕ್ರವಾರ ಹೊರಟು ಭಾನುವಾರ ರಾತ್ರಿ ಅಥವಾ ಸೋಮವಾರ ನಸುಕಿಗೆ ಮರಳಬಹುದು. ವಾರದ ನಡುವೆ ಚೆಲ್ಲಾಪಿಲ್ಲಿಯಾಗಿ ಬಿದ್ದ ತಾಸುಗಳು ಇಡೀ ವಾರವನ್ನು ತಿನ್ನುತ್ತವೆ. ಡೊಂಬಿವಲಿಯಿಂದ ದಾದರ್‌ವರೆಗೆ ಜನರ ನಡುವೆ ತಬಲಾ ಚೀಲವನ್ನು ಎದೆಗೆ ಅವುಚಿಕೊಂಡು ನಿಂತು, ಅಲ್ಲಿ ಸೇತುವೆ ಹತ್ತಿ ಪಶ್ಚಿಮ ರೈಲ್ವೆಗೆ ಬದಲಾಯಿಸಿ, ಒಂದು ತಾಸಿನ ಪಾಠ ಮುಗಿಸಿ ಮತ್ತೆ ಅದೇ ದಾರಿ. ಆ ದಿನದ ಸಂಪಾದನೆ ಒಂದು ತಾಸಿನದು, ಖರ್ಚಾದದ್ದು ಅರ್ಧ ದಿನ.

ಇನ್ನು ದೋಣಿಯ ಮಾತು. ನಿಮ್ಮ ಮನೆಯವರ ಆತಂಕ ನಿಜ, ಆದರೆ ಕಲಿಸುವುದು ಮತ್ತು ಬಾರಿಸುವುದು ನಿಮ್ಮ ವಿಷಯದಲ್ಲಿ ಒಂದಕ್ಕೊಂದು ಎದುರಾದವು ಎಂಬುದನ್ನು ನಾನು ಒಪ್ಪುವುದಿಲ್ಲ. ವಿಭಾಗದವರು ನಿಮ್ಮನ್ನು ಕರೆದದ್ದೇ ನೀವು ವೇದಿಕೆಯ ಮೇಲೆ ಕೂರುವವರು ಎಂದು. ವೇದಿಕೆ ತಪ್ಪಿದ ದಿನ ವಿಭಾಗದಲ್ಲೂ ನಿಮ್ಮ ಬೆಲೆ ಇಳಿಯುತ್ತದೆ. ಪಿಎಚ್‌ಡಿ ಆದವರು ವೇದಿಕೆ ಏರದಿದ್ದರೂ ಅಲ್ಲಿ ಉಳಿಯುತ್ತಾರೆ, ನೀವು ಉಳಿಯುವುದಿಲ್ಲ. ಹಾಗಾಗಿ ವಿಭಾಗದಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂದಿದ್ದರೂ ನೀವು ಕಾಯಬೇಕಾದದ್ದು ನಿಮ್ಮ ಕೈಯನ್ನು, ನಿಮ್ಮ ಕಾರ್ಯಕ್ರಮಗಳನ್ನು.

ಮುಂಬಯಿಯ ಸಂಗೀತ ಶಿಕ್ಷಣ ಬೆಳೆದದ್ದೇ ಹಾಗೆ, ಹಾಡುವ ಬಾರಿಸುವ ಮಂದಿಯಿಂದ, ಮತ್ತು ಅದರಲ್ಲಿ ನಮ್ಮ ಕಡೆಯವರ ಪಾಲು ದೊಡ್ಡದು. ಬಾಂಬೆ ವಿಶ್ವವಿದ್ಯಾಲಯದ ಸಂಗೀತ ಕೇಂದ್ರವನ್ನು ಅರವತ್ತರ ದಶಕದ ಕೊನೆಯಿಂದ ಅಶೋಕ ದಾ. ರಾನಡೆ ಕಟ್ಟಿದರು. ಸ್ವತಃ ಗಾಯಕರು, ವಿದ್ವಾಂಸರು. ಅದೇ ವಿಶ್ವವಿದ್ಯಾಲಯದಲ್ಲಿ ಹಾಡುಗಾರಿಕೆ ಕಲಿಸಿದವರು ಫಿರೋಜ್ ದಸ್ತೂರ್. ಪಾರ್ಸಿ ಮನೆತನದ ಅವರು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಕಲಿಸುತ್ತಿದ್ದರೆಂದು ಅವರು ಪುಣೆಯ ಸವಾಯಿ ಗಂಧರ್ವ ಉತ್ಸವ ತಪ್ಪಿಸಲಿಲ್ಲ, ಇಳಿವಯಸ್ಸಿನಲ್ಲೂ ಅಲ್ಲಿ ಹಾಡಿದರು. ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರ್ 1946ರಲ್ಲಿ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯ ಹೊಣೆ ಹೊತ್ತರು. ಮುಂದೆ ಅಲ್ಲಿ ಪ್ರಾಂಶುಪಾಲರಾದ ದಿನಕರ ಕೈಕಿಣಿಯವರು ಹಾಡುತ್ತ, ಬಂದಿಶ್ ಕಟ್ಟುತ್ತ, ಕಲಿಸುತ್ತ ಬಾಳಿದರು. ಪ್ರಭಾ ಅತ್ರೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿದ್ದ ವರ್ಷಗಳಲ್ಲೂ ದೇಶ ವಿದೇಶ ಸುತ್ತಿ ಹಾಡಿದರು.

ಬೈಲಹೊಂಗಲದ ಕೆ. ಜಿ. ಗಿಂಡೆಯವರದು ಬೇರೆ ದಾರಿ. 1962ರಿಂದ ಸಾಯನ್‌ನ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾಗಿ, 1994ರಲ್ಲಿ ತೀರಿಕೊಳ್ಳುವವರೆಗೂ ಅವರು ಮೊದಲು ಗುರುಗಳು, ಆಮೇಲೆ ಗಾಯಕರು. ಗುರು ರತಂಜನಕರ್ ಅವರಿಂದ ಬಂದ ಬಂದಿಶ್‌ಗಳ ಭಂಡಾರವನ್ನು ಮುಂದಿನವರಿಗೆ ದಾಟಿಸುವುದೇ ತಮ್ಮ ಕೆಲಸ ಎಂದು ತಿಳಿದವರು. ಅದು ದೊಡ್ಡ ಬದುಕು, ಅದರಲ್ಲಿ ಕೊರತೆ ಏನೂ ಇಲ್ಲ. ಆದರೆ ಅವರು ಅದನ್ನು ಆರಿಸಿಕೊಂಡಿದ್ದರು. ನೀವು ಆರಿಸಿಕೊಂಡಿಲ್ಲ, ಎರಡು ದಿನ ನಾಲ್ಕಾಗಿದ್ದು ನಿಮ್ಮನ್ನು ಕೇಳದೆ. ನಿಮ್ಮ ಕೈ ಜಡವಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಪಿಎಚ್‌ಡಿ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮದು ಬಿ.ಕಾಂ. ಮೊದಲು ಸಂಗೀತದಲ್ಲಿ ಎಂ.ಎ. ಆಗಬೇಕು, ಎರಡು ವರ್ಷ. ಆಮೇಲೆ ಪ್ರವೇಶ ಪರೀಕ್ಷೆ, ಮಾರ್ಗದರ್ಶಕರು, ಕೋರ್ಸ್‌ವರ್ಕ್, ಪ್ರಬಂಧ. ಎಲ್ಲ ಸುಸೂತ್ರ ನಡೆದರೂ 47–48ರ ಹೊತ್ತಿಗೆ ಪದವಿ ಕೈಗೆ. ಆಗ ಹುದ್ದೆ ತೆರೆದಿರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ತಬಲಾದ ಬಾಜ್‌ಗಳ ಬಗ್ಗೆಯೋ, ನಮ್ಮ ಹುಬ್ಬಳ್ಳಿ ಧಾರವಾಡದ ತಬಲಾ ಪರಂಪರೆಯ ಬಗ್ಗೆಯೋ ಬರೆಯಲೇಬೇಕು ಎಂಬ ತುಡಿತ ನಿಮ್ಮೊಳಗಿದ್ದರೆ ಮಾಡಿ, ಸಂತೋಷ. ಕಾಯಂ ಆಗುವ ಒಂದೇ ಆಸೆಗೆ ಮಾಡಬೇಡಿ.

ನಿಮಗೆ ಇನ್ನೊಂದು ಬಾಗಿಲಿದೆ, ಅದನ್ನು ನಿಮ್ಮ ವಿಭಾಗದವರು ಹೇಳಿರಲಿಕ್ಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಸಂಗೀತ, ನೃತ್ಯದಂಥ ಕಲೆಗಳಿಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಯನ್ನು ಎರಡು ಬಗೆಯಲ್ಲಿ ಹೇಳಿದ್ದಾರೆ. ಒಂದು ಎಲ್ಲರಿಗೂ ಗೊತ್ತಿರುವ ಸ್ನಾತಕೋತ್ತರ ಪದವಿ, ನೆಟ್ ಅಥವಾ ಪಿಎಚ್‌ಡಿ ದಾರಿ. ಇನ್ನೊಂದು ವೃತ್ತಿಪರ ಕಲಾವಿದರದು: ಒಂದು ಪದವಿ ಇರಬೇಕು, ಹೆಸರಾಂತ ಗುರುಗಳ ಬಳಿ ಕಲಿತಿರಬೇಕು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಗ್ರೇಡ್ ಕಲಾವಿದರಾಗಿರಬೇಕು, ಶಾಸ್ತ್ರವನ್ನು ಉದಾಹರಣೆ ಕೊಟ್ಟು ವಿವರಿಸುವ ಶಕ್ತಿ ಇರಬೇಕು.  ಬಿ.ಕಾಂ. ನಿಮ್ಮ ಬಳಿ ಇದೆ, ಗುರುಗಳಿದ್ದಾರೆ. ಮುಖ್ಯವಾಗಿ ಇಲ್ಲದ್ದು ‘ಎ’ ಗ್ರೇಡ್. ಬಿ-ಹೈಯಿಂದ ಅಲ್ಲಿಗೆ ಒಂದೇ ಮೆಟ್ಟಿಲು. ಪ್ರತಿ ಹುದ್ದೆಯ ಜಾಹೀರಾತಿನಲ್ಲಿ ಈ ಅವಕಾಶ ಇದೆಯೇ, ಯಾವ ವಿಷಯದ ಪದವಿ ಕೇಳಿದ್ದಾರೆ ಎಂದು ಓದಿಕೊಳ್ಳಬೇಕು, ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆದರೂ ಆ ಗ್ರೇಡ್ ಎಲ್ಲಿಯೂ ವ್ಯರ್ಥವಾಗುವುದಿಲ್ಲ. ಅದು ಆಕಾಶವಾಣಿಯ ಸಂಭಾವನೆ ಏರಿಸುತ್ತದೆ, ವೇದಿಕೆಯಲ್ಲಿ ನಡೆಯುತ್ತದೆ, ವಿಶ್ವವಿದ್ಯಾಲಯದ ಕಾಗದದಲ್ಲೂ ನಡೆಯುತ್ತದೆ. ಆರೇಳು ವರ್ಷ ಎಂ.ಎ., ಪ್ರಬಂಧ ಎಂದು ಕೊಡುವ ಬದಲು ಮುಂದಿನ ಒಂದೂವರೆ ವರ್ಷವನ್ನು ಆ ಗ್ರೇಡಿನ ಆಡಿಶನ್ ತಯಾರಿಗೆ ಕೊಡಿ.

2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೂ ಮಾರ್ಗಸೂಚಿ ಹೊರಡಿಸಿದೆ. ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರಿಗೆ, ಪದವಿಯ ಕಟ್ಟುಪಾಡಿಲ್ಲದೆ. ಅವಧಿ ಹೆಚ್ಚೆಂದರೆ ನಾಲ್ಕು ವರ್ಷ, ಕಾಯಂ ಅಲ್ಲ. ನಿಮ್ಮ ಈಗಿನ ಹಂತಕ್ಕೆ ಅದು ತುಸು ದೂರ, ಮನಸ್ಸಿನಲ್ಲಿಟ್ಟುಕೊಂಡಿರಿ.

ಪಿಎಚ್‌ಡಿ ಆದವರ ನಡುವೆ ಸಣ್ಣವನೆನಿಸುತ್ತದೆ ಎಂದಿರಿ. ಗಂಗೂಬಾಯಿ ಹಾನಗಲ್ ನಿಮ್ಮೂರಿನವರೇ. ಪ್ರಾಥಮಿಕ ಶಾಲೆಯಾಚೆ ಓದದ ಅವರನ್ನು ಕರ್ನಾಟಕ ವಿಶ್ವವಿದ್ಯಾಲಯ ಗೌರವ ಪ್ರಾಧ್ಯಾಪಕಿಯಾಗಿ ಕೂರಿಸಿತು. ಮಾಹಿಮಿನಲ್ಲಿ ಬೆಳೆದ ಜಾಕಿರ್ ಹುಸೇನರು 2005–06ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಭಾರತೀಯ ಸಂಗೀತ ಕಲಿಸಿದರು, ಅವಧಿ ಮುಗಿಯಿತು, ವೇದಿಕೆಗೆ ಮರಳಿದರು. ನೀವು ಗಂಗೂಬಾಯಿಯೋ ಜಾಕಿರರೋ ಎಂದು ನಾನು ಹೇಳುತ್ತಿಲ್ಲ. ಕಲಾವಿದನ ಅರಿವಿಗೆ ವಿಶ್ವವಿದ್ಯಾಲಯದಲ್ಲಿ ಜಾಗವಿದೆ ಎಂಬುದು ಎಲ್ಲ ಕಡೆ ಒಪ್ಪಿತವಾದ ಮಾತು. ನೀವು ಅಲ್ಲಿ ಕೂತಿರುವುದು ಯಾರ ದಯೆಯಿಂದಲೂ ಅಲ್ಲ.

ಆ ಅರಿವನ್ನು ತರಗತಿಯಲ್ಲಿ ತೋರಿಸುವುದು ಹೇಗೆ? ನಿಮ್ಮ ಹುಡುಗರು ತೀನತಾಲದ ಕಾಯದಾವನ್ನು ಚೌಗುಣದಲ್ಲಿ ಚೊಕ್ಕವಾಗಿ ಬಾರಿಸುತ್ತಿರಬಹುದು. ಪರೀಕ್ಷೆ ಕೇಳುವುದು ಅದನ್ನೇ. ಅದೇ ಹುಡುಗನನ್ನು ವಿಲಂಬಿತ್ ಏಕತಾಲಕ್ಕೆ ಕೂರಿಸಿ, ಪಕ್ಕದಲ್ಲಿ ಗಾಯನದ ಹುಡುಗಿಯೊಬ್ಬಳನ್ನು ಹಾಡಲು ಹಚ್ಚಿ. ಧಿಂ ಧಿಂ ಧಾಗೆ ತಿರಕಿಟ ತೂ ನಾ ಎನ್ನುವಲ್ಲಿ ಎರಡು ಮಾತ್ರೆಗಳ ನಡುವೆ ಇಷ್ಟುದ್ದ ಖಾಲಿ ಜಾಗ ಉಳಿಯುತ್ತದೆ. ಹುಡುಗ ಗಾಬರಿಯಾಗಿ ಅದನ್ನೆಲ್ಲ ತುಂಬಲು ಹೋಗುತ್ತಾನೆ, ಲಯ ಮೇಲೇರುತ್ತದೆ, ಹಾಡುವವಳ ಆಲಾಪ ಉಸಿರುಗಟ್ಟುತ್ತದೆ. ಆಗ ನೀವು ತಬಲಾ ಎಳೆದುಕೊಂಡು ಅದೇ ಆವರ್ತನ ಬಾರಿಸಿ ತೋರಿಸಿ. ಡಗ್ಗಾದ ಮೇಲೆ ಅಂಗೈ ಒತ್ತುವುದು ಎಲ್ಲಿ, ಬೆರಳು ಸುಮ್ಮನಿರುವುದು ಎಲ್ಲಿ, ಹತ್ತನೇ ಮಾತ್ರೆಯ ತಿರಕಿಟವನ್ನು ಎಷ್ಟು ಸ್ಪಷ್ಟವಾಗಿ ನುಡಿಸಿದರೆ ಕಣ್ಣುಮುಚ್ಚಿ ಹಾಡುತ್ತಿರುವವಳಿಗೆ ಸಮ್ ಹತ್ತಿರ ಬಂತೆಂದು ತಿಳಿಯುತ್ತದೆ. ಯಾವ ಘರಾಣೆಯವರಿಗೆ ತುಂಬು ಠೇಕಾ ಬೇಕು, ಯಾರಿಗೆ ಬರಿದಾದ ಠೇಕಾ ಬೇಕು. ಗಾಯಕರು ಸಮ್ ತಪ್ಪಿದಾಗ ಸಭೆಗೆ ಗೊತ್ತಾಗದಂತೆ ಅವರನ್ನು ಮರಳಿ ತರುವುದು ಹೇಗೆ. ಇದನ್ನೆಲ್ಲ ನೀವು 18 ವರ್ಷ ಬೇರೆಯವರ ಹಾಡಿನ ಪಕ್ಕ ಕೂತು ಕಲಿತಿರಿ. ಹುಡುಗರಿಗೆ ಇದು ಇನ್ನೆಲ್ಲಿಯೂ ಸಿಗುವುದಿಲ್ಲ.

ಆದ್ದರಿಂದ ಗಾಯನ ತರಗತಿಯಲ್ಲಿ ಕಡಿಮೆ ದರಕ್ಕೆ ಠೇಕಾ ಹಿಡಿಯುವ ತಾಸುಗಳನ್ನು ಹೀಗೇ ಬಿಡಬೇಡಿ. ವಿಭಾಗದ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಕೊಡಿ: ಗಾಯನ ಮತ್ತು ತಬಲಾ ವಿದ್ಯಾರ್ಥಿಗಳಿಗೆ ವಾರಕ್ಕೊಂದು ಸಾಥ್‌ಸಂಗತ್ ತರಗತಿ ಜಂಟಿಯಾಗಿ ನಡೆಸುತ್ತೇನೆ, ಅದನ್ನು ಬೋಧನೆಯ ತಾಸೆಂದು ಲೆಕ್ಕಕ್ಕೆ ಹಿಡಿಯಿರಿ, ದಿನನಿತ್ಯದ ಠೇಕಾಕ್ಕೆ ಹಿರಿಯ ವಿದ್ಯಾರ್ಥಿಗಳನ್ನು ಸರದಿಯಲ್ಲಿ ಕೂರಿಸುತ್ತೇನೆ, ನನ್ನ ಕಣ್ಣೆದುರಿಗೆ ಕಲಿಯಲಿ. ಹುಡುಗರಿಗೆ ಅಭ್ಯಾಸ ಆಗುತ್ತದೆ, ವಿಭಾಗಕ್ಕೆ ಹೊರೆ ಇಲ್ಲ, ನಿಮ್ಮ ಕೈ ಠೇಕಾ ಹಿಡಿದು ಒಂದೇ ಲಯದಲ್ಲಿ ಸವೆಯುವುದು ತಪ್ಪುತ್ತದೆ. ಕೈ ಜಡವಾಗಿದ್ದು ಮುಖ್ಯವಾಗಿ ಆ ಠೇಕಾದ ತಾಸುಗಳಿಂದ, ವಯಸ್ಸಿನಿಂದಲ್ಲ.

ರಿಯಾಜಿಗೆ ಜಾಗ ಎಲ್ಲಿ ಎಂದು ಕೇಳುತ್ತೀರಿ, ಗೊತ್ತು. ಫ್ಲಾಟಿನಲ್ಲಿ ಬೆಳಗಿನ ಆರಕ್ಕೆ ತಬಲಾ ಶುರುವಾದರೆ ಸೊಸೈಟಿಯವರು ಬಾಗಿಲು ತಟ್ಟುತ್ತಾರೆ. ವಿಭಾಗದ ದಿನಗಳಲ್ಲಿ ಗರ್ದಿಗೆ ಮುಂಚಿನ ಲೋಕಲ್ ಹಿಡಿಯಿರಿ, ಪಾಠಕ್ಕೆ ಎರಡು ತಾಸು ಮೊದಲೇ ಅಲ್ಲಿರಿ. ಸಂಗೀತ ವಿಭಾಗದ ಕೋಣೆಗಳು ಬೆಳಿಗ್ಗೆ ಖಾಲಿ ಇರುತ್ತವೆ. ಕೀಲಿ ಕೇಳಿ, ಕಪಾಟಿನಲ್ಲಿ ನಿಮ್ಮ ಒಂದು ಜೋಡಿ ಇಡಲು ಜಾಗ ಕೇಳಿ. ಮಳೆಗಾಲದಲ್ಲಿ ಚೀಲ ಹೊತ್ತು ತಿರುಗುವುದು ತಪ್ಪಿದರೆ ಚರ್ಮವೂ ಉಳಿಯುತ್ತದೆ, ಭುಜವೂ ಉಳಿಯುತ್ತದೆ. ಹೀಗೆ ಕೇಳಲು ಸಂಕೋಚ ಬೇಡ. ಗೌರವಧನ ಹೆಚ್ಚಿಸಲಾರದ ವಿಭಾಗವೂ ಒಂದು ಕೀಲಿ ಕೊಡಬಲ್ಲದು.

ಗೌರವಧನದ ಬಗ್ಗೆ ನನಗೆ ಸಿಟ್ಟಿದೆ. ಯುಜಿಸಿ 2019ರ ಜನವರಿಯಲ್ಲಿ ಅತಿಥಿ ಉಪನ್ಯಾಸಕರಿಗೆ ತಾಸಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ಗೊತ್ತುಮಾಡಿತು. ಅಂದರೆ ತಿಂಗಳಿಗೆ 33 ತಾಸು. ನಿಮಗೆ ಸಿಗುವ ದರ ಅದರ ಹತ್ತಿರವೂ ಇರಲಿಕ್ಕಿಲ್ಲ. ಅದರ ಮೇಲೆ ಪರೀಕ್ಷೆ ನಡೆಸುವುದು, ಅಂಕ ಬರೆಯುವುದು, ವಾರ್ಷಿಕೋತ್ಸವಕ್ಕೆ ಹುಡುಗರನ್ನು ತಯಾರು ಮಾಡುವುದು, ಯಾವುದೂ ತಾಸಿನಲ್ಲಿ ಸೇರುವುದಿಲ್ಲ. ರಜೆಯಲ್ಲಿ ಸಂಬಳವಿಲ್ಲ. ಅದೇ 2018ರ ನಿಯಮಾವಳಿ, ಒಪ್ಪಂದದ ಶಿಕ್ಷಕರು ಒಟ್ಟು ಹುದ್ದೆಗಳ ಶೇಕಡಾ 10 ಮೀರಬಾರದು ಎನ್ನುತ್ತದೆ. ತಾಸಿನ ಲೆಕ್ಕದವರನ್ನು ಇಟ್ಟುಕೊಂಡರೆ ಆ ಮಿತಿಯ ಮಾತೇ ಏಳುವುದಿಲ್ಲ. ಕಲಾವಿದನಿಗೆ ಹೊರಗೆ ಸಂಪಾದನೆ ಇದೆಯಲ್ಲ ಎಂಬ ಊಹೆಯ ಮೇಲೆ ಈ ದರ ನಿಂತಿದೆ. ಆ ಹೊರಗಿನ ಸಂಪಾದನೆಯ ದಿನಗಳನ್ನೂ ವಿಭಾಗವೇ ತೆಗೆದುಕೊಂಡರೆ ಅದು ಅನ್ಯಾಯ. ಬೇರೆ ಮಾತಿಲ್ಲ.

ಒಬ್ಬರೇ ಹೋಗಿ ಕೇಳಬೇಡಿ. ನಿಮ್ಮಂತೆಯೇ ಸಿತಾರ್, ಹಾರ್ಮೋನಿಯಂ, ಗಾಯನ ಕಲಿಸಲು ತಾಸಿನ ಲೆಕ್ಕದಲ್ಲಿ ಬರುವವರು ಇದ್ದಾರೆ. ಎಲ್ಲರೂ ಕೂಡಿ ಒಂದು ಅರ್ಜಿ ಬರೆಯಿರಿ. ಹೊಸ ವರ್ಷದ ವೇಳಾಪಟ್ಟಿ ಆಗುವ ಮುಂಚೆ, ಅಂದರೆ ಮೇ ಮುಗಿಯುವುದರೊಳಗೆ ಅದು ಮುಖ್ಯಸ್ಥರ ಕೈಯಲ್ಲಿರಬೇಕು. ಯಾರು ಯಾವ ದಿನ, ಎಷ್ಟು ತಾಸು, ಪರೀಕ್ಷೆಯ ಕೆಲಸಕ್ಕೆ ಏನು, ಗಣೇಶ ಚತುರ್ಥಿಯಿಂದ ದೀಪಾವಳಿವರೆಗೆ ಕಾರ್ಯಕ್ರಮವಿರುವವರ ಪಾಠವನ್ನು ಯಾವ ದಿನಕ್ಕೆ ಹೊಂದಿಸುವುದು, ಎಲ್ಲವೂ ಬರವಣಿಗೆಯಲ್ಲಿ ಬರಲಿ. ಬಾಯಿಮಾತಿನಲ್ಲಿ ಎರಡು ದಿನ ನಾಲ್ಕಾದದ್ದು ನಿಮಗೆ ಗೊತ್ತೇ ಇದೆ. ಗೌರವಧನದಲ್ಲಿ ಟಿಡಿಎಸ್ ಹಿಡಿಯುತ್ತಿದ್ದರೆ ರಿಟರ್ನ್ ಸಲ್ಲಿಸಿ, ಮರಳಿ ಬರಬೇಕಾದದ್ದನ್ನು ಪಡೆಯಿರಿ, ಕಲಾವಿದರು ಬಿಟ್ಟುಕೊಡುವ ದುಡ್ಡಿನಲ್ಲಿ ಅದೂ ಒಂದು.

ಎರಡು ದಿನಕ್ಕಿಳಿದರೆ ತಿಂಗಳ ಆದಾಯ ಇಳಿಯುತ್ತದೆ. ಮನೆಯಲ್ಲಿ ಇದನ್ನು ಮುಚ್ಚಿಡಬೇಡಿ. ಹೆಂಡತಿಯ ಜೊತೆ ಕೂತು ಕಳೆದ ವರ್ಷದ ಡೈರಿ ತೆರೆಯಿರಿ. ವಿಭಾಗದಿಂದ ಎಷ್ಟು ಬಂತು, ಆ ದಿನಗಳಿಗಾಗಿ ಬಿಟ್ಟ ಕಾರ್ಯಕ್ರಮಗಳಿಂದ ಎಷ್ಟು ಬರಬಹುದಿತ್ತು, ಸಂಜೆಯ ಪಾಠ ಎಷ್ಟು ಎಂದು ಬರೆದು ನೋಡಿ. ಬಿಟ್ಟುಕೊಡುವ ಎರಡು ದಿನಗಳಲ್ಲಿ ಒಂದನ್ನು ಮೊದಲ ಆರು ತಿಂಗಳು ಮನೆಯ ಪಾಠಕ್ಕೆ ಕೊಟ್ಟರೆ ಕಂತಿಗೆ ತೊಂದರೆಯಾಗಲಾರದು ಎಂದು ನನ್ನ ಅಂದಾಜು. ಇನ್ನೊಂದು ದಿನ ಪೂರ್ತಿ ರಿಯಾಜಿಗೆ ಮತ್ತು ಇಲ್ಲಿನ ನಿಮ್ಮ ಗುರುಗಳಿಗೆ. ಆಡಿಶನ್‌ಗೆ ಕೂರುವ ಮುನ್ನ ಹುಬ್ಬಳ್ಳಿಗೆ ಹೋಗಿ ಊರಿನ ಗುರುಗಳೆದುರು ಒಮ್ಮೆ ಪೇಶಕಾರ್‌ನಿಂದ ಕೊನೆಯವರೆಗೆ ಬಾರಿಸಿ ಬನ್ನಿ. ಹಳೆಯ ಕೈಯಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂದು ಅವರಷ್ಟು ಖಚಿತವಾಗಿ ಹೇಳುವವರು ಮುಂಬಯಿಯಲ್ಲಿ ನಿಮಗೆ ಸಿಗುವುದಿಲ್ಲ.